ಮುಂಬಯಿಯ ಬೆವರಿಗೆ ತಾಳುವ ಕನ್ನಡಕದ ಫ್ರೇಮು ಯಾವುದು?

ಡೊಂಬಿವಲಿ ಪ್ರಯಾಣಿಕ

ವೇದಿಕೆಯ ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಲ್ಲಿ ಮೂರನೆಯ ಫ್ರೇಮು ನನಗೆ ಕೈಕೊಟ್ಟಿದೆ. ನಾಲ್ಕನೆಯದಕ್ಕೆ ದುಡ್ಡು ಸುರಿಯುವ ಮೊದಲು ನಿಮ್ಮ ಅನುಭವ ಕೇಳೋಣವೆಂದು ಬರೆಯುತ್ತಿದ್ದೇನೆ. ನನಗೆ 47 ವರ್ಷ. ಎರಡೂ ಕಣ್ಣಿಗೆ ಮೈನಸ್ 5.5 ಪವರ್ ಇದೆ. ಈಚೆಗೆ ಚಾಳೀಸೂ ಸೇರಿಕೊಂಡಿರುವುದರಿಂದ, ಮೇಲೆ ದೂರದ ನೋಟಕ್ಕೂ ಕೆಳಗೆ ಓದಿಗೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್ ಲೆನ್ಸ್ ಹಾಕಿಸಿಕೊಂಡಿದ್ದೇನೆ. ಬೆಳಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದು, ಸಿಎಸ್‌ಎಂಟಿಯಲ್ಲಿ ಇಳಿದು, ಫೋರ್ಟಿನ ಕಚೇರಿಗೆ ನಡೆದು ಮುಟ್ಟುವಷ್ಟರಲ್ಲಿ ಮುಖದ ಮೇಲೆ ಒಣಗಿದ ಜಾಗವೇ ಉಳಿದಿರುವುದಿಲ್ಲ.

ಮೊದಲನೆಯದು ಟಿಆರ್ ಎಂದು ಕರೆಯುವ ಹಗುರ ಪ್ಲಾಸ್ಟಿಕ್ಕಿನದು. ಕುರ್ಲಾದಲ್ಲಿ ಹತ್ತುವವರ ನೂಕಿಗೆ ಅದರ ಕಡ್ಡಿ ಕೀಲಿನ ಬುಡದಲ್ಲೇ ಮುರಿಯಿತು, ಕೂಡಿಸಿಕೊಡುವವರು ಯಾರೂ ಸಿಗಲಿಲ್ಲ. ಎರಡನೆಯದು ದಪ್ಪನೆಯ ಶೆಲ್ ಫ್ರೇಮು. ಎರಡು ಮಳೆಗಾಲ ಕಳೆಯುವುದರೊಳಗೆ ಕಿವಿಯ ಹಿಂದಿನ ಭಾಗ ಬಿಳಿಚಿಕೊಂಡು, ಸಡಿಲವಾಗಿ, ಮೂಗಿನ ತುದಿಗೆ ಜಾರತೊಡಗಿತು. ಮೂರನೆಯದನ್ನು ಟೈಟೇನಿಯಂ ಎಂದು ಹೇಳಿ 6,500 ರೂಪಾಯಿಗೆ ಕೊಟ್ಟರು. ಹದಿನಾಲ್ಕು ತಿಂಗಳಿಗೆ ಮೂಗಿನ ಪ್ಯಾಡುಗಳ ಹಿಂದೆ ಹಸಿರು ಅಂಟು ಕೂಡಿಕೊಂಡಿತು, ಮೂಗಿನ ಎರಡೂ ಬದಿಗೆ ಚರ್ಮ ಕೆಂಪಾಗಿ ತುರಿಸತೊಡಗಿತು. ಅಂಗಡಿಯವರನ್ನು ಕೇಳಿದರೆ ನಿಮ್ಮ ಬೆವರೇ ಹಾಗಿದೆ ಎಂದುಬಿಟ್ಟರು.

ನನ್ನ ನಿಜವಾದ ಸಂಕಟ ಲೆನ್ಸಿನದು. ಫ್ರೇಮಿನ ಎರಡರಷ್ಟು ಬೆಲೆಯ ಲೆನ್ಸನ್ನು ಆ ಫ್ರೇಮಿನ ಅಳತೆಗೇ ಕತ್ತರಿಸಿರುತ್ತಾರೆ. ಫ್ರೇಮು ಸತ್ತಾಗ ಚೆನ್ನಾಗಿರುವ ಲೆನ್ಸಿಗೂ ಮನೆ ಇಲ್ಲದಂತಾಗುತ್ತದೆ. ಹಾಗಾಗಿ ಚೆಂದಕ್ಕಿಂತ ಬಾಳಿಕೆಯನ್ನೇ ಮುಂದಿಟ್ಟುಕೊಂಡು ಸಲಹೆ ಕೊಡಬೇಕೆಂದು ಕೋರುತ್ತೇನೆ.

ಪುಣೆ ಸವಾರ

ಅಣ್ಣಾ, ಒಂದು ಟಿಆರ್ ಮುರಿಯಿತೆಂದು ಆ ಜಾತಿಯನ್ನೇ ಬಿಡಬೇಡಿ. ನಾನು ಕೋಥ್ರೂಡಿನಿಂದ ಹಿಂಜೇವಾಡಿಗೆ ದಿನವೂ ಸ್ಕೂಟರಿನಲ್ಲಿ ಹೋಗುವವನು, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕುವವನು. ಶೆಲ್ ಫ್ರೇಮಿನ ದಪ್ಪ ಕಡ್ಡಿಯನ್ನು ಹೆಲ್ಮೆಟ್ಟಿನ ಸ್ಪಂಜು ಕಿವಿಯ ಮೇಲೆ ಒತ್ತಿ ಹಿಡಿದರೆ, ಅರ್ಧ ದಾರಿಯಲ್ಲೇ ತಲೆನೋವು ಶುರುವಾಗುತ್ತದೆ. ಟಿಆರ್‌ನ ತೆಳ್ಳನೆಯ ಕಡ್ಡಿ ಹೆಲ್ಮೆಟ್ಟಿನೊಳಗೆ ನೇರವಾಗಿ ಜಾರಿಕೊಂಡು ಹೋಗುತ್ತದೆ. ನಾಲ್ಕು ವರ್ಷಗಳಿಂದ ಒಂದೇ ಫ್ರೇಮಿನಲ್ಲಿ ಇದ್ದೇನೆ. ನೀರಿಗೂ ಬೆವರಿಗೂ ಅದು ಜಗ್ಗುವುದಿಲ್ಲ, ಅದರಲ್ಲಿ ತುಕ್ಕು ಹಿಡಿಯುವ ಲೋಹವೆಂದರೆ ಎರಡು ಸ್ಕ್ರೂ ಮಾತ್ರ. ಮುರಿದರೆ ಬಿಸಾಡಿ ಇನ್ನೊಂದು ಕೊಳ್ಳುವಷ್ಟು ಅಗ್ಗವೂ ಹೌದು. ನೀವು ಕೊಂಡದ್ದು ಅಸಲಿ ಟಿಆರ್ ಆಗಿರಲಿಕ್ಕಿಲ್ಲವೆಂಬುದು ನನ್ನ ಗುಮಾನಿ.

ಮಾಟುಂಗಾದ ಹಳೆಯ ಅಂಗಡಿಕಾರ

ಇಪ್ಪತ್ತಾರು ವರ್ಷ ಕನ್ನಡಕದ ಅಂಗಡಿ ನಡೆಸಿ ಈಗ ಮಗನ ಕೈಗೆ ಒಪ್ಪಿಸಿ ಕುಳಿತಿರುವವನು ನಾನು. ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆದರೆ ಮನ್ನಿಸಬೇಕು. ಸವಾರರು ಹೇಳಿದ ಹೆಲ್ಮೆಟ್ಟಿನ ಮಾತು ನೂರಕ್ಕೆ ನೂರು ನಿಜ. ಆದರೆ ಮುರಿದರೆ ಬಿಸಾಡಿ ಎಂಬ ಮಾತು ಅವರಿಗೆ ಸಲ್ಲುತ್ತದೆಯೇ ಹೊರತು ಪ್ರಯಾಣಿಕರಿಗೆ ಸಲ್ಲುವುದಿಲ್ಲ, ಏಕೆಂದರೆ ಪ್ರಯಾಣಿಕರ ಫ್ರೇಮಿನ ಜೊತೆಗೆ ಎರಡು ದುಬಾರಿ ಲೆನ್ಸುಗಳೂ ಹೋಗುತ್ತವೆ.

ಟಿಆರ್-90 ಎಂಬುದು ಸ್ವಿಟ್ಜರ್ಲೆಂಡಿನ ಇಎಂಎಸ್ ಕಂಪೆನಿಯ ಒಂದು ಬಗೆಯ ನೈಲಾನಿನ ಹೆಸರು. ಕರಗಿಸಿ ಅಚ್ಚಿಗೆ ಹುಯ್ದು ಮಾಡುತ್ತಾರೆ. ಬಾಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೇ ಮರಳುವುದು ಅದರ ಗುಣ. ನಮ್ಮಂಥವರಿಗೆ ಅದೇ ಅದರ ದೋಷ. ಗಿರಾಕಿಯ ಒಂದು ಕಿವಿ ಇನ್ನೊಂದಕ್ಕಿಂತ ತುಸು ಮೇಲಿರುತ್ತದೆ, ಕಡ್ಡಿಯನ್ನು ಬಿಸಿ ಮಾಡಿ ಕೂಡಿಸಿ ಕಳಿಸುತ್ತೇವೆ, ಅದು ಒಂದು ವಾರದೊಳಗೆ ತನ್ನ ಹಟವನ್ನೇ ಸಾಧಿಸಿಕೊಂಡು ಹಳೆಯ ಆಕಾರಕ್ಕೆ ಬರುತ್ತದೆ. ಕೀಲಿನ ಹತ್ತಿರ ಮುರಿದರಂತೂ ಅದಕ್ಕೆ ಅಂಟೂ ಇಲ್ಲ, ಬೆಸುಗೆಯೂ ಇಲ್ಲ.

ಶೆಲ್ ಫ್ರೇಮಿನ ಕಥೆಯೇ ಬೇರೆ. ಹಿಂದೆ ಕಡಲಾಮೆಯ ಚಿಪ್ಪಿನಿಂದ ಫ್ರೇಮು ಮಾಡುತ್ತಿದ್ದುದರ ನೆನಪಾಗಿ ಆ ಹೆಸರು ಉಳಿದುಕೊಂಡಿದೆ. ಆ ಆಮೆಗಳಿಗೆ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಈಗಿನ ಒಳ್ಳೆಯ ಶೆಲ್ ಎಂದರೆ ಸೆಲ್ಯುಲೋಸ್ ಅಸಿಟೇಟ್, ಅಂದರೆ ಹತ್ತಿ ಅಥವಾ ಮರದ ನಾರಿನಿಂದ ತಯಾರಾದ ಹಾಳೆ. ಬಣ್ಣದ ಪದರಗಳಿರುವ ಆ ಹಾಳೆಯನ್ನು ಕೊರೆದು, ಅರೆದು, ಹೊಳಪು ಕೊಟ್ಟು ಫ್ರೇಮು ತೆಗೆಯುತ್ತಾರೆ. ಕಡ್ಡಿಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ: ಹೊರಗಿನ ಚುಕ್ಕೆಗಳೂ ಪಟ್ಟೆಗಳೂ ಆಳಕ್ಕೆ ಇಳಿದಿದ್ದರೆ ಅದು ಹಾಳೆಯಿಂದ ಕೊರೆದದ್ದು, ಮೇಲಷ್ಟೇ ಇದ್ದರೆ ಅಚ್ಚಿಗೆ ಹುಯ್ದು ಬಣ್ಣ ಬಳಿದದ್ದು. ಬಿಸಿಗೆ ಅದು ಮೆದುವಾಗುತ್ತದೆ. ನಮ್ಮ ಅಂಗಡಿಯಲ್ಲಿ ಮೊದಲು ಬಿಸಿ ಮರಳಿನ ತಟ್ಟೆ ಇತ್ತು, ಈಗ ಬಿಸಿಗಾಳಿಯ ಯಂತ್ರ. ಕಡ್ಡಿಯ ತುದಿಯನ್ನು ಅರ್ಧ ನಿಮಿಷ ಅದರಲ್ಲಿ ಹಿಡಿದು, ಹೆಬ್ಬೆರಳಿನಿಂದ ಕಿವಿಯ ತಿರುವಿಗೆ ಒತ್ತಿ, ಆರುವವರೆಗೆ ಹಾಗೇ ಹಿಡಿದುಕೊಂಡರೆ ಅದು ಮಾತು ಕೇಳುತ್ತದೆ. ಪ್ರಯಾಣಿಕರ ಫ್ರೇಮು ಸಡಿಲವಾದದ್ದು ಅದು ಕೆಟ್ಟ ಫ್ರೇಮೆಂಬ ಕಾರಣಕ್ಕಲ್ಲ, ಎರಡು ವರ್ಷದಲ್ಲಿ ಒಮ್ಮೆಯೂ ಅಂಗಡಿಗೆ ಹೋಗಿ ಬಿಗಿ ಮಾಡಿಸದೆ ಇದ್ದದ್ದು ಕಾರಣ ಎಂದು ಹೇಳಿದರೆ ಬೇಸರ ಪಡಬಾರದು. ಬಿಳಿಚಿದ್ದು ಬೆವರಿನಿಂದ: ಅಸಿಟೇಟನ್ನು ಮೆದುವಾಗಿಡಲು ಬೆರೆಸಿದ ದ್ರವ್ಯ ಬರಬರುತ್ತ ಹೊರಬಂದು ಮೈ ಒಣಗುತ್ತದೆ. ಮೇಲ್ಮೈಯಲ್ಲಿ ಮಾತ್ರ ಇದ್ದರೆ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿದಾಗ ಬಣ್ಣ ಮರಳಿ ಬರುತ್ತದೆ. ಸ್ಯಾನಿಟೈಸರ್ ಹಚ್ಚಿ ಒರೆಸುವವರ ಫ್ರೇಮು ಇನ್ನೂ ಬೇಗ ಬಿಳಿಚುತ್ತದೆ, ಉಗುರುಬಣ್ಣ ತೆಗೆಯುವ ಅಸಿಟೋನ್ ತಗುಲಿದರೆ ಕರಗಿಯೇ ಹೋಗುತ್ತದೆ.

ವಸ್ತು ಯಾವುದೇ ಇರಲಿ, ಮೊದಲು ಅಳತೆ ನೋಡಿ. ಕಡ್ಡಿಯ ಒಳಗೆ 52, 18, 140 ಎಂದು ಬರೆದಿದ್ದರೆ ಲೆನ್ಸಿನ ಅಗಲ 52 ಮಿಲಿಮೀಟರ್, ಮೂಗಿನ ಮೇಲಿನ ಸೇತುವೆ 18, ಕಡ್ಡಿಯ ಉದ್ದ 140. ನಿಮ್ಮ ಎರಡು ಕಣ್ಣುಪಾಪೆಗಳ ನಡುವಿನ ಅಂತರ 64 ಎಂದಿಟ್ಟುಕೊಳ್ಳೋಣ. 52ಕ್ಕೆ 18 ಕೂಡಿಸಿದರೆ 70. ಆಗ ಪ್ರತಿ ಲೆನ್ಸಿನ ಕೇಂದ್ರವನ್ನು ಪಾಪೆಯ ಎದುರಿಗೆ ತರಲು 3 ಮಿಲಿಮೀಟರ್ ಒಳಗೆ ಸರಿಸಬೇಕಾಗುತ್ತದೆ, ಹೊರ ಅಂಚು ಕೇಂದ್ರದಿಂದ 29 ಮಿಲಿಮೀಟರ್ ದೂರ ಹೋಗುತ್ತದೆ. ಮೈನಸ್ 5.5ರ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸು ಅಲ್ಲಿ ನಡುವಿಗಿಂತ ಸುಮಾರು 4.6 ಮಿಲಿಮೀಟರ್ ಹೆಚ್ಚು ದಪ್ಪವಾಗಿರುತ್ತದೆ. ಅದೇ 46 ಅಗಲದ ಫ್ರೇಮಾದರೆ 46ಕ್ಕೆ 18 ಕೂಡಿ ಸರಿಯಾಗಿ 64; ಅಂಚಿನ ಹೆಚ್ಚುವರಿ ದಪ್ಪ ಸುಮಾರು 2.9 ಮಾತ್ರ. ದುಬಾರಿ ತೆಳು ಲೆನ್ಸು ಮಾಡುವ ಕೆಲಸದ ಬಹುಪಾಲನ್ನು ಸಣ್ಣ ಫ್ರೇಮು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಎತ್ತರ ಮಾತ್ರ ತೀರ ಕಡಿಮೆಯಾಗಬಾರದು. ಪಾಪೆಯಿಂದ ಕೆಳ ಅಂಚಿಗೆ 16ರಿಂದ 18 ಮಿಲಿಮೀಟರ್ ಇಲ್ಲದಿದ್ದರೆ ಪ್ರೋಗ್ರೆಸಿವ್‌ನ ಓದುವ ಭಾಗವೇ ಕತ್ತರಿಸಿ ಹೋಗಬಹುದು.

ಪಿಂಪ್ರಿಯ ಲೋಹದವ

ಅಂಗಡಿಕಾರರ ಲೆಕ್ಕಕ್ಕೆ ನಮಸ್ಕಾರ. ನಾನು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಲೋಹ ಪರೀಕ್ಷೆಯ ಕೆಲಸ ಮಾಡುವವನಾದ್ದರಿಂದ ಆ ಹಸಿರು ಅಂಟಿನ ಬಗ್ಗೆ ಮಾತ್ರ ಹೇಳುತ್ತೇನೆ. ಹಸಿರೆಂದರೆ ತಾಮ್ರ. ಅಗ್ಗದ ಲೋಹದ ಫ್ರೇಮುಗಳನ್ನು ಹೆಚ್ಚಾಗಿ ಮೋನೆಲ್ ಅಥವಾ ಜರ್ಮನ್ ಸಿಲ್ವರಿನಿಂದ ಮಾಡುತ್ತಾರೆ. ಮೋನೆಲ್ಲಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಿಕಲ್, ಉಳಿದದ್ದು ಬಹುತೇಕ ತಾಮ್ರ. ಜರ್ಮನ್ ಸಿಲ್ವರಿನಲ್ಲಿ ತಾಮ್ರ, ನಿಕಲ್ ಮತ್ತು ಸತು ಇರುತ್ತವೆ, ಹೆಸರಿಗೆ ತಕ್ಕ ಬೆಳ್ಳಿ ಒಂದು ಗುಲಗಂಜಿಯೂ ಇರುವುದಿಲ್ಲ. ಮೇಲಿನ ಲೇಪ ಸವೆದೊಡನೆ ಬೆವರಿನ ಉಪ್ಪು ತಾಮ್ರವನ್ನು ತಿನ್ನುತ್ತದೆ, ಆ ಲವಣವೇ ಪ್ಯಾಡಿನ ಹಿಂದೆ ಕೂಡಿಕೊಳ್ಳುವ ಹಸಿರು. ಟೈಟೇನಿಯಮ್ಮಿಗೆ ಹಾಗಾಗುವುದಿಲ್ಲ, ಅದರ ಮೈಮೇಲೆ ತಾನಾಗಿ ಕಟ್ಟುವ ತೆಳು ಆಕ್ಸೈಡ್ ಪದರವನ್ನು ಸಮುದ್ರದ ನೀರೂ ಭೇದಿಸಲಾರದು.

ಹಾಗೆಂದು ಅಂಗಡಿಯವರು ಪೂರ್ತಿ ಸುಳ್ಳು ಹೇಳಿದರೆಂದು ಈಗಲೇ ತೀರ್ಮಾನಿಸಬೇಡಿ. ಮುಂಭಾಗ ಟೈಟೇನಿಯಮ್ಮಿನದಾಗಿದ್ದು, ಪ್ಯಾಡು ಹಿಡಿಯುವ ತಂತಿಗಳು ಬೇರೆ ಲೋಹದವಾಗಿರುವುದುಂಟು. ಅಯಸ್ಕಾಂತದ ಪರೀಕ್ಷೆಯನ್ನು ನಂಬಬೇಡಿ: ಅಂಟಿದರೆ ಟೈಟೇನಿಯಂ ಅಲ್ಲವೆನ್ನಬಹುದು, ಅಂಟದಿದ್ದರೆ ಏನೂ ಹೇಳಲಾಗದು, ಏಕೆಂದರೆ ಜರ್ಮನ್ ಸಿಲ್ವರೂ ಅಂಟುವುದಿಲ್ಲ, ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲೂ ಹೆಚ್ಚುಕಡಿಮೆ ಅಂಟುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಲೆನ್ಸು, ಪ್ಯಾಡು, ಕಿವಿಯ ಪ್ಲಾಸ್ಟಿಕ್ ತುದಿ ಎಲ್ಲವನ್ನೂ ಬಿಚ್ಚಿಸಿ, ಬರಿಯ ಲೋಹವನ್ನು ಗ್ರಾಮಿನ ಹತ್ತನೆಯ ಒಂದು ಪಾಲು ತೋರಿಸುವ ತಕ್ಕಡಿಯಲ್ಲಿ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಸೊನ್ನೆಗೆ ತಂದು, ಫ್ರೇಮನ್ನು ಹೊಲಿಗೆಯ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಟೈಟೇನಿಯಂ 4.5ರ ಹತ್ತಿರ, ಸ್ಟೀಲು 8ರ ಹತ್ತಿರ, ಮೋನೆಲ್ ಮತ್ತು ಜರ್ಮನ್ ಸಿಲ್ವರ್ ಅದಕ್ಕಿಂತಲೂ ಹೆಚ್ಚು.

ಅಸಲಿ ಟೈಟೇನಿಯಂ ಫ್ರೇಮುಗಳ ಹೆಸರಾಂತ ಊರು ಜಪಾನಿನ ಫುಕುಯಿ ಪ್ರಾಂತದ ಸಬಾಯೆ. ಹಿಮ ಬೀಳುವ ತಿಂಗಳುಗಳಲ್ಲಿ ಹೊಲದ ಕೆಲಸವಿಲ್ಲದ ರೈತರಿಗೆ ದುಡಿಮೆಯಾಗಲೆಂದು 1905ರಲ್ಲಿ ಅಲ್ಲಿ ಈ ಕಸುಬು ಆರಂಭವಾಯಿತು. 1980ರ ದಶಕದ ಆರಂಭದಲ್ಲಿ ಅವರೇ ಟೈಟೇನಿಯಮ್ಮನ್ನು ಫ್ರೇಮಿಗೆ ಒಗ್ಗಿಸಿದರು. ಒಗ್ಗಿಸುವುದು ಎಂದೆ, ಏಕೆಂದರೆ ಕಾದ ಟೈಟೇನಿಯಂ ಗಾಳಿ ತಗುಲಿದರೆ ಪೆಡಸಾಗುತ್ತದೆ; ಬೆಸುಗೆಯನ್ನು ಆರ್ಗಾನ್‌ನಂಥ ಅನಿಲದ ಮರೆಯಲ್ಲೇ ಹಾಕಬೇಕು.

ಠಾಣೆಯ ಓದುಗಿ

ತುರಿಕೆಯ ವಿಷಯಕ್ಕೆ ನಾನು ಎರಡು ಮಾತು ಸೇರಿಸುತ್ತೇನೆ, ಇದನ್ನು ನಾನೇ ಅನುಭವಿಸಿದ್ದೇನೆ. ಕಾಲೇಜಿನ ದಿನಗಳಲ್ಲಿ ಇಮಿಟೇಶನ್ ಓಲೆ ಹಾಕಿ ಕಿವಿ ಸೋರುತ್ತಿತ್ತು. ಹತ್ತು ವರ್ಷಗಳಾದ ಮೇಲೆ ಕನ್ನಡಕ ಬಂದಾಗ ಅದೇ ಕೆಂಪು, ಅದೇ ತುರಿಕೆ, ಈ ಬಾರಿ ಕೆನ್ನೆಯ ಮೇಲ್ಭಾಗದಲ್ಲಿ, ಫ್ರೇಮು ತಾಗುವ ಜಾಗದಲ್ಲೇ. ಚರ್ಮದ ವೈದ್ಯರು ನನ್ನ ಫ್ರೇಮಿನ ಮೇಲೆ ಡೈಮಿಥೈಲ್‌ಗ್ಲಯಾಕ್ಸಿಮ್ ಎಂಬ ದ್ರಾವಣ ಅದ್ದಿದ ಹತ್ತಿಯ ಕಡ್ಡಿಯನ್ನು ಉಜ್ಜಿದರು. ನೋಡನೋಡುತ್ತಿದ್ದಂತೆ ಬಿಳಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅದು ನಿಕಲ್ ಹೊರಬರುತ್ತಿರುವುದರ ಗುರುತು. ಒಮ್ಮೆ ಮೈಗೆ ನಿಕಲ್ ಆಗದೆಂದಾದ ಮೇಲೆ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಯುರೋಪಿನಲ್ಲಿ ಚರ್ಮಕ್ಕೆ ಸದಾ ತಾಗುವ ವಸ್ತುಗಳಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕಲ್ ಹೊರಬರಬಾರದೆಂಬ ನಿಯಮವಿದೆ, ಕನ್ನಡಕದ ಫ್ರೇಮೂ ಅದರಲ್ಲಿ ಸೇರಿದೆ.

ಇನ್ನೊಂದು ಎಚ್ಚರಿಕೆ. ತಿರುಚಿದರೂ ಮುರಿಯದೆ ಹಳೆಯ ಆಕಾರಕ್ಕೆ ಬರುವ ಮೆಮೊರಿ ಮೆಟಲ್ ಫ್ರೇಮನ್ನೂ ಕೆಲವರು ಟೈಟೇನಿಯಂ ಎಂದೇ ಮಾರುತ್ತಾರೆ. ಅದು ಟೈಟೇನಿಯಂ ಹೌದು, ಆದರೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲ್. ನನ್ನಂಥವರು ಲೇಪದ ಭರವಸೆಯ ಮೇಲೆ ಅದನ್ನು ಕೊಳ್ಳದಿರುವುದೇ ಒಳ್ಳೆಯದು. ನಾನು ಈಗ ಅಸಿಟೇಟ್ ಹಾಕುತ್ತೇನೆ, ರಾತ್ರಿ ಕೈತೊಳೆಯುವ ಸೋಪಿನಲ್ಲಿ ತೊಳೆದು ಒರೆಸಿಡುತ್ತೇನೆ, ಮೂರು ವರ್ಷವಾಯಿತು, ಬಿಳಿಚಿಲ್ಲ.

ವಾಸ್ಕೋ ಮೇಷ್ಟ್ರು

ಗೋವೆಯಿಂದ ನನ್ನದೊಂದು ಅಳಲು. ಮನೆ ಸಮುದ್ರಕ್ಕೆ ಹತ್ತಿರ, ಬಟ್ಟೆ ಒಣಹಾಕುವ ತಂತಿಯೂ ವರ್ಷಕ್ಕೊಮ್ಮೆ ತುಕ್ಕು ಹಿಡಿದು ತುಂಡಾಗುವ ಜಾಗ. ಸ್ಟೇನ್‌ಲೆಸ್ ಸ್ಟೀಲಿನ ಫ್ರೇಮು ಕೊಂಡೆ, ಮೈ ಇಂದಿಗೂ ಚೆನ್ನಾಗಿದೆ. ಆದರೆ ಕಡ್ಡಿ ಹೊರಕ್ಕೂ ಬಾಗಲೆಂದು ಕೀಲಿನೊಳಗೆ ಇಟ್ಟಿದ್ದ ಸ್ಪ್ರಿಂಗು ಒಂದೇ ಮಳೆಗಾಲಕ್ಕೆ ತುಕ್ಕು ತಿಂದು ಸಿಕ್ಕಿಕೊಂಡಿತು. ಫ್ರೇಮಿನ ವಸ್ತು ಯಾವುದೆಂದು ಹತ್ತು ಬಾರಿ ಕೇಳಿದ ನಾನು ಕೀಲಿನ ವಸ್ತು ಯಾವುದೆಂದು ಒಂದು ಬಾರಿಯೂ ಕೇಳಿರಲಿಲ್ಲ. ಈಗ ಸ್ಪ್ರಿಂಗಿಲ್ಲದ ಸಾದಾ ಕೀಲನ್ನೇ ಕೇಳಿ ಪಡೆಯುತ್ತೇನೆ, ಸ್ಕ್ರೂಗೆ ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಡುತ್ತೇನೆ.

ಅಂಚಿಲ್ಲದ ತ್ರೀ ಪೀಸ್ ಫ್ರೇಮಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಪ್ರಯಾಣಿಕರಿಗೆ ಅದು ಹಗುರವಾಗಲಿಕ್ಕಿಲ್ಲವೇ?

ಮಾಟುಂಗಾದ ಹಳೆಯ ಅಂಗಡಿಕಾರ

ಮೇಷ್ಟ್ರೇ, ಹಗುರವೇನೋ ಆಗುತ್ತದೆ. ಆದರೆ ಅದರಲ್ಲಿ ಲೆನ್ಸಿಗೇ ತೂತು ಕೊರೆದು ಕಡ್ಡಿ ಸಿಕ್ಕಿಸುತ್ತಾರೆ. ಸಾಮಾನ್ಯ ಪ್ಲಾಸ್ಟಿಕ್ ಲೆನ್ಸು ತೂತಿನ ಅಂಚಿನಿಂದ ಬಿರುಕು ಬಿಡುತ್ತದೆ, ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸು ಬೇಕಾಗುತ್ತದೆ. ಮೈನಸ್ 5.5ರ ದಪ್ಪ ಅಂಚು ಮುಚ್ಚಲು ಏನೂ ಇಲ್ಲದೆ ಎದ್ದು ಕಾಣುತ್ತದೆ. ಲೋಕಲಿನ ನೂಕಿಗಂತೂ ಅದನ್ನು ಕಳಿಸಲೇಬಾರದು. ಲೆನ್ಸಿನ ಕೆಳ ಅಂಚನ್ನು ನೈಲಾನ್ ದಾರದಿಂದ ಹಿಡಿಸುವ ಸುಪ್ರಾ ಫ್ರೇಮಿಗೂ ನನ್ನ ಮತ ಇಲ್ಲ.

ಸ್ಪ್ರಿಂಗಿನ ಬಗ್ಗೆ ನೀವು ಹೇಳಿದ್ದು ಅಪ್ಪಟ ಸತ್ಯ, ಅದನ್ನು ನಾನೇ ಮೊದಲು ಬರೆಯಬೇಕಿತ್ತು. ಟೈಟೇನಿಯಂ ಬಗ್ಗೆ ಲೋಹದವರು ಬರೆದದ್ದರಲ್ಲಿ ಒಂದು ವಾಕ್ಯಕ್ಕೆ ನಾನು ಗೆರೆ ಎಳೆಯುತ್ತೇನೆ: ಬೆಸುಗೆಗೆ ಅನಿಲದ ಮರೆ ಬೇಕು. ಅಂದರೆ ಅದು ಮುರಿದ ದಿನ ನನ್ನಂಥ ಬೀದಿಯ ಅಂಗಡಿಯವನ ಕೈಲಾಗುವುದಿಲ್ಲ, ಲೇಸರ್ ಯಂತ್ರವಿರುವವರನ್ನು ಹುಡುಕಬೇಕು. ಹಾಗಾಗಿ ನನ್ನ ಓಟು ಇನ್ನೂ ಅಸಿಟೇಟಿಗೇ, ಆದರೆ ಜಾರುವ ಮೂಗಿಗೆ ಅಸಿಟೇಟಿನಲ್ಲೇ ಕೆತ್ತಿದ ಗಟ್ಟಿ ಪ್ಯಾಡು ಬೇಡ. ತಂತಿಗೆ ಸಿಲಿಕೋನ್ ಪ್ಯಾಡು ಕೂಡಿಸಿದ ಅಸಿಟೇಟ್ ಸಿಗುತ್ತದೆ, ಆ ತಂತಿ ಮಾತ್ರ ಟೈಟೇನಿಯಮ್ಮಿನದೇ ಆಗಿರಲಿ. ಪ್ರೋಗ್ರೆಸಿವ್ ಹಾಕುವವರ ಫ್ರೇಮು ಎರಡು ಮಿಲಿಮೀಟರ್ ಜಾರಿದರೂ ಪೇಪರು ಓದಲು ಗದ್ದ ಎತ್ತಬೇಕಾಗುತ್ತದೆ.

ಪಿಂಪ್ರಿಯ ಲೋಹದವ

ಟೈಟೇನಿಯಂ ಮುರಿಯುವುದೇ ಅಪರೂಪವೆಂಬುದನ್ನು ಅಂಗಡಿಕಾರರು ಲೆಕ್ಕಕ್ಕೆ ಹಿಡಿಯಲಿಲ್ಲ. ರಿಪೇರಿ ಸುಲಭವೆಂದು ಬೇಗ ಸವೆಯುವ ವಸ್ತುವನ್ನು ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಪುಣೆ ಸವಾರ

ನನ್ನ ಟಿಆರ್‌ಗೆ ಒಂದು ಓಟೂ ಬೀಳಲಿಲ್ಲ. ಆದರೆ ಮಕ್ಕಳ ಕನ್ನಡಕಕ್ಕೆ ಅದೇ ಸರಿಯೆಂದು ಅಂಗಡಿಕಾರರು ಒಪ್ಪುತ್ತಾರೆಂದು ನಂಬಿದ್ದೇನೆ. ನನ್ನ ಮಗಳು ಕನ್ನಡಕದ ಮೇಲೆ ಕುಳಿತು ಎದ್ದಿದ್ದಾಳೆ, ಲೆನ್ಸು ಕಳಚಿ ಬಿತ್ತು, ಫ್ರೇಮು ಏನೂ ಆಗದಂತೆ ನೆಟ್ಟಗಾಯಿತು.

ಮಾಟುಂಗಾದ ಹಳೆಯ ಅಂಗಡಿಕಾರ

ಒಪ್ಪಿದೆ. ಮಕ್ಕಳಿಗೆ ಅದೇ ಸರಿ, ಹೇಗೂ ವರ್ಷಕ್ಕೊಮ್ಮೆ ಪವರೂ ಮುಖದ ಅಳತೆಯೂ ಬದಲಾಗುತ್ತವೆ.

ಡೊಂಬಿವಲಿ ಪ್ರಯಾಣಿಕ

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ನೆರೆಮನೆಯ ಅಕ್ಕಸಾಲಿಗರಿಂದ ತಕ್ಕಡಿ ತಂದು ಲೋಹದವರ ಪರೀಕ್ಷೆ ಮಾಡಿದೆ. ನನ್ನ 6,500 ರೂಪಾಯಿಯ ಟೈಟೇನಿಯಂ ಗಾಳಿಯಲ್ಲಿ 17.4 ಗ್ರಾಂ ತೂಗಿತು. ದಾರದಲ್ಲಿ ಕಟ್ಟಿ ನೀರಿನ ಲೋಟಕ್ಕೆ ಇಳಿಸಿದಾಗ ತಕ್ಕಡಿ 2.0 ತೋರಿಸಿತು. ಭಾಗಿಸಿದರೆ 8.7. ಟೈಟೇನಿಯಮ್ಮೇ ಆಗಿದ್ದರೆ ನೀರಿನಲ್ಲಿ 3.9ರ ಹತ್ತಿರ ಬರಬೇಕಿತ್ತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಕ್ಕಸಾಲಿಗರು ಚಿನ್ನವನ್ನಾದರೂ ತೂಗಿಸಿ ಕೊಳ್ಳುತ್ತೀರಿ, ಇದನ್ನು ಬಾಯಿಮಾತಿನ ಮೇಲೆ ಕೊಂಡಿರಾ ಎಂದು ನಕ್ಕರು. ಅಂಗಡಿಗೆ ಹೋಗಿ ಅಂಕಿಗಳನ್ನು ಮುಂದಿಟ್ಟಾಗ ಅರ್ಧ ಹಣಕ್ಕೆ ಬೇರೆ ಫ್ರೇಮು ಕೊಡುವುದಾಗಿ ಹೇಳಿದರು, ನಾನು ಒಪ್ಪಲಿಲ್ಲ.

ಕೊನೆಗೆ ಬೇರೆಡೆ ಅಸಿಟೇಟನ್ನೇ ಕೊಂಡೆ: ಅಗಲ 46, ಸೇತುವೆ 20, ಸಾದಾ ಕೀಲು, ಟೈಟೇನಿಯಂ ತಂತಿಯ ಮೇಲೆ ಸಿಲಿಕೋನ್ ಪ್ಯಾಡು. ಲೋಹದವರು ಬೇಸರಿಸಬಾರದು. ಅವರ ವಾದ ಸರಿಯೇ ಇರಬಹುದು, ಆದರೆ ಕಿವಿಯ ಹಿಂದೆ ನನಗೆ ಹೇಗೆ ಬೇಕೋ ಹಾಗೆ ಅಲ್ಲೇ ಬಿಸಿ ಮಾಡಿ ಕೂಡಿಸಿಕೊಟ್ಟದ್ದನ್ನು ಕಂಡ ಮೇಲೆ ಮನಸ್ಸು ಅತ್ತ ವಾಲಿತು. ಹಳೆಯ ಲೆನ್ಸುಗಳ ಅಗಲ 52 ಇದ್ದುದರಿಂದ, ಗುರುತು ಹಾಕಿ ಅಂಚು ಅರೆದು ಇದೇ ಫ್ರೇಮಿಗೆ ಕೂಡಿಸಲು ಸಾಧ್ಯವಾಯಿತು, ಲೆನ್ಸಿನ ಹಣ ಉಳಿಯಿತು. ಮೂಗಿನ ಕೆಂಪು ಎರಡನೆಯ ವಾರಕ್ಕೆ ಇಳಿದಿದೆ. ಒಂದೇ ಪ್ರಶ್ನೆ ಉಳಿದಿದೆ: ಹಿರಿಯರೇ, ಬಿಗಿ ಮಾಡಿಸಲು ಎಷ್ಟು ದಿನಕ್ಕೊಮ್ಮೆ ಬರಬೇಕು?

ಮಾಟುಂಗಾದ ಹಳೆಯ ಅಂಗಡಿಕಾರ

ಮೊದಲ ತಿಂಗಳ ಕೊನೆಗೆ ಒಮ್ಮೆ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ ಸಾಕು. ಕನ್ನಡಿಯ ಮುಂದೆ ತಲೆ ಬಗ್ಗಿಸಿ ನೋಡಿ, ಜಾರಿದರೆ ಅಷ್ಟೂ ಕಾಯಬೇಡಿ. ಮೇ ತಿಂಗಳಲ್ಲಿ ಕಾರಿನ ಗಾಜಿನ ಕೆಳಗೆ ಮಾತ್ರ ಬಿಟ್ಟು ಹೋಗಬೇಡಿ, ಅಲ್ಲಿನ ಬಿಸಿಗೆ ಕಡ್ಡಿಗಳು ತಮಗೆ ಬೇಕಾದ ಕಡೆ ಹೊರಳಿಬಿಡುತ್ತವೆ.